ರಾಷ್ಟ್ರಗೀತೆ, ಆಟದ ಅಂಗಳ ಮತ್ತು ಮನಸ್ಸಾಕ್ಷಿ

ಟಿ.ವಿ.ಯ ಮುಂದೆ ಕುಳಿತು ಪಂದ್ಯ ನೋಡದ ಮಕ್ಕಳು ನಮ್ಮ ಮನೆಗಳಲ್ಲಿ ಕಡಿಮೆ. ಎರಡು ದೇಶಗಳ ನಡುವಿನ ಪಂದ್ಯವಾದರೆ ಮೊದಲು ಆಟಗಾರರು ಸಾಲಾಗಿ ನಿಲ್ಲುತ್ತಾರೆ, ರಾಷ್ಟ್ರಗೀತೆ ಮೊಳಗುತ್ತದೆ, ಕ್ಯಾಮರಾ ಒಂದೊಂದೇ ಮುಖದ ಮುಂದೆ ಸಾಗುತ್ತದೆ. ಆ ಹೊತ್ತಿನಲ್ಲಿ ದೊಡ್ಡವರಾದ ನಮ್ಮ ಎದೆಯೊಳಗೆ ಒಂದು ಸಣ್ಣ ಅಳುಕು ಹುಟ್ಟುತ್ತದೆಯೆಂಬುದನ್ನು ನಾವು ಒಪ್ಪಿಕೊಳ್ಳೋಣ. ಸಾಲಿನಲ್ಲಿರುವ ಮುಸ್ಲಿಮ್ ಹುಡುಗನ ತುಟಿ ಅಲುಗಿತೇ? ಅವನು ನೆಟ್ಟಗೆ ನಿಂತಿದ್ದಾನೆಯೇ? ಅದನ್ನು ಇನ್ನಾರು ಗಮನಿಸುತ್ತಿದ್ದಾರೆ? ಆಟ ನೋಡಲು ಕುಳಿತವರು ಒಂದು ನಿಮಿಷದ ಮಟ್ಟಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತಾಗುತ್ತೇವೆ.

2021ರ ಜನವರಿಯಲ್ಲಿ ಸಿಡ್ನಿಯ ಮೈದಾನದಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಹೈದರಾಬಾದಿನ ಮುಹಮ್ಮದ್ ಸಿರಾಜ್ ಅವರ ಕಣ್ಣುಗಳು ತುಂಬಿ ಬಂದವು. ದೇಶವೆಲ್ಲ ಆ ಕಣ್ಣೀರನ್ನು ನೋಡಿ ಮೆಚ್ಚಿತು. ಆ ಹೊತ್ತಿನಲ್ಲಿ ತನಗೆ ತಂದೆಯ ನೆನಪಾಯಿತೆಂದು ಸಿರಾಜ್ ಅನಂತರ ಸರಳವಾಗಿ ಹೇಳಿದರು. ಆಟೋ ಓಡಿಸಿ ಮಗನನ್ನು ಬೆಳೆಸಿದ ಆ ತಂದೆ 2020ರ ನವೆಂಬರಿನಲ್ಲಿ ತೀರಿಕೊಂಡಾಗ ಮಗ ಆಸ್ಟ್ರೇಲಿಯಾದಲ್ಲಿದ್ದು ಅಂತ್ಯಕ್ರಿಯೆಗೆ ಬರಲಾಗಿರಲಿಲ್ಲ. ಅದರಲ್ಲಿ ದೇಶದ ಪ್ರೀತಿ ಇರಲಿಲ್ಲವೇ? ಇದ್ದಿರಬಹುದು. ತಂದೆಯ ಪ್ರೀತಿ, ದೇಶದ ಪ್ರೀತಿ ಒಂದೇ ಹೃದಯದಲ್ಲಿ ಒಟ್ಟಿಗೇ ಇರುತ್ತವೆ. ಆದರೆ ನೋಡುಗರಿಗೆ ಕಾಣುವುದು ಕಣ್ಣೀರು ಮಾತ್ರ. ಅದರ ಒಳಗೇನಿದೆಯೆಂದು ತಿಳಿದಿರುವವನು ಅಲ್ಲಾಹನೊಬ್ಬನೇ.

ಇದಕ್ಕಿಂತ ಕಹಿಯಾದ ಇನ್ನೊಂದು ಘಟನೆ ಅಮೇರಿಕಾದಲ್ಲಿ ನಡೆದಿತ್ತು. ರಾಷ್ಟ್ರಗೀತೆ ಆಟದ ಅಂಗಳಕ್ಕೆ ಸೇರಿದ್ದೇ ಎಂಬ ಪ್ರಶ್ನೆಯನ್ನು ಒಬ್ಬ ಮುಸ್ಲಿಮನ ಜೀವನದ ಮೂಲಕ ಕೇಳಿದ ಘಟನೆಯದು. ಸ್ವಲ್ಪ ವಿವರವಾಗಿಯೇ ಹೇಳುವೆ, ಸಹನೆಯಿಂದ ಓದಿರಿ.

ಅಮೇರಿಕಾದ ದಕ್ಷಿಣದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. ಅಲ್ಲಿನ ಗಲ್ಫ್‌ಪೋರ್ಟ್ ಎಂಬ ಊರಿನಲ್ಲಿ 1969ರಲ್ಲಿ ಒಂದು ಬಡ ಕರಿಯರ ಕುಟುಂಬದಲ್ಲಿ ಕ್ರಿಸ್ ಜಾಕ್ಸನ್ ಎಂಬ ಬಾಲಕ ಹುಟ್ಟಿದ. ಮುಖ, ಕುತ್ತಿಗೆ, ಕೈಗಳು ತಾವಾಗಿಯೇ ಅದುರುವ ಟುರೆಟ್ ಎಂಬ ನರರೋಗ ಅವನಿಗಿತ್ತು. ಆ ರೋಗವೇ ಅವನಲ್ಲಿ ಒಂದು ಹಟವನ್ನು ಬೆಳೆಸಿತು. ಚೆಂಡು ಬುಟ್ಟಿಯೊಳಗೆ ಬಿದ್ದರಷ್ಟೇ ಅವನಿಗೆ ಸಾಲದು, ಮನಸ್ಸಿಗೆ ಸರಿಯೆನಿಸುವಂತೆ ಬೀಳಬೇಕು, ಅಲ್ಲಿಯವರೆಗೆ ಗಂಟೆಗಟ್ಟಲೆ ಎಸೆಯುತ್ತಲೇ ಇರುತ್ತಿದ್ದ. 1990ರಲ್ಲಿ ಡೆನ್ವರ್ ನಗರದ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡ ಅವನನ್ನು ಆರಿಸಿಕೊಂಡಿತು. 1993-94ರ ಋತುವಿನಲ್ಲಿ ದೊರೆತ 229 ಫ್ರೀ ಥ್ರೋಗಳಲ್ಲಿ 219ನ್ನು ಅವನು ಬುಟ್ಟಿಗೆ ಸೇರಿಸಿದ. ಆ ಆಟ ಬಲ್ಲವರಿಗೆ ಇದು ಎಂಥ ಸಾಧನೆಯೆಂದು ತಿಳಿಯುತ್ತದೆ.

ಕಾಲೇಜಿನ ದಿನಗಳಲ್ಲಿ ಮಾಲ್ಕಮ್ ಎಕ್ಸ್‌ರ ಆತ್ಮಕಥೆ ಅವರ ಕೈ ಸೇರಿತ್ತು. 1991ರಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು. 1993ರಲ್ಲಿ ಮಹ್ಮೂದ್ ಅಬ್ದುರ್ರವೂಫ್ ಎಂದು ಹೆಸರು ಬದಲಿಸಿಕೊಂಡರು. ಅಮೇರಿಕಾದಲ್ಲಿ ಇಂಥ ವೃತ್ತಿಪರ ಪಂದ್ಯಗಳ ಮೊದಲು ಪ್ರತಿ ಬಾರಿಯೂ ರಾಷ್ಟ್ರಗೀತೆ ನುಡಿಸಲಾಗುತ್ತದೆ. 1995-96ರ ಋತುವಿನಲ್ಲಿ ಅಬ್ದುರ್ರವೂಫ್ ಆ ಹೊತ್ತಿನಲ್ಲಿ ಒಮ್ಮೆ ಒಳಕೋಣೆಯಲ್ಲಿಯೇ ಉಳಿಯುತ್ತಿದ್ದರು, ಇನ್ನೊಮ್ಮೆ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ತಿಂಗಳುಗಟ್ಟಲೆ ಅದು ಸುದ್ದಿಯಾಗಲಿಲ್ಲ. ಸಾವಿರಾರು ಜನರೆದುರಿಗೆ ನಡೆದರೂ ಯಾರ ದೇಶಪ್ರೇಮಕ್ಕೂ ನೋವಾಗಲಿಲ್ಲ! 1996ರ ಮಾರ್ಚಿನಲ್ಲಿ ಮಾಧ್ಯಮದವರು ಅದನ್ನು ಎತ್ತಿ ತೋರಿಸಿದ ಮೇಲೆ ಮಾತ್ರ ಕೋಲಾಹಲವೆದ್ದಿತು. ಆ ಧ್ವಜ ತನ್ನ ಜನರ ಪಾಲಿಗೆ ದಬ್ಬಾಳಿಕೆಯ ಸಂಕೇತವೂ ಆಗಿದೆ, ದೇವನಿಗೂ ದಬ್ಬಾಳಿಕೆಗೂ ಏಕಕಾಲದಲ್ಲಿ ನಿಷ್ಠನಾಗಿರಲು ತನಗೆ ಸಾಧ್ಯವಿಲ್ಲ ಎಂಬುದು ಅವರ ವಾದವಾಗಿತ್ತು. ಎದ್ದು ನಿಲ್ಲುವವರನ್ನು ತಾನು ದೂರುವುದಿಲ್ಲವೆಂದೂ ಹೇಳಿದ್ದರು.

ಮಾರ್ಚ್ 12ರಂದು ಲೀಗ್ ಅವರನ್ನು ಅಮಾನತುಗೊಳಿಸಿತು. ಒಂದು ಪಂದ್ಯ ತಪ್ಪಿತು, ಆ ಒಂದು ಪಂದ್ಯದ ವೇತನ 31,707 ಡಾಲರ್ ಹೋಯಿತು. ಹಣ ಹೋದದ್ದು ದೊಡ್ಡದಲ್ಲ. ಅದೇ ದಿನಗಳಲ್ಲಿ ಡೆನ್ವರಿನ ಒಂದು ರೇಡಿಯೋ ಕೇಂದ್ರದ ನೌಕರರು ಅಲ್ಲಿನ ಮಸೀದಿಗೆ ನುಗ್ಗಿ, ಒಳಗೆ ತುತ್ತೂರಿಯಲ್ಲಿ ರಾಷ್ಟ್ರಗೀತೆ ಊದಿದರು. ಅದನ್ನೊಂದು ತಮಾಷೆಯೆಂದು ಅವರು ಭಾವಿಸಿದ್ದರು. ಯೋಚಿಸಿ ನೋಡಿರಿ. ಗೌರವಿಸಲೆಂದೇ ಇರುವ ಗೀತೆ ಆ ದಿನ ಅನ್ಯರ ಆರಾಧನಾಲಯವನ್ನು ಅವಮಾನಿಸುವ ಸಾಧನವಾಯಿತು. ಕುಳಿತಿದ್ದ ಅಬ್ದುರ್ರವೂಫರಿಂದ ಆ ಗೀತೆಗೆ ಅಗೌರವವಾಯಿತೋ, ತುತ್ತೂರಿ ಊದಿದವರಿಂದ ಆಯಿತೋ?

ಮುಸ್ಲಿಮರಲ್ಲಿಯೂ ಒಮ್ಮತವಿರಲಿಲ್ಲ. ರಮಝಾನಿನಲ್ಲಿ ಉಪವಾಸವಿದ್ದುಕೊಂಡೇ ಪಂದ್ಯವಾಡುತ್ತಿದ್ದ, ನೈಜೀರಿಯಾ ಮೂಲದ ಹೆಸರಾಂತ ಆಟಗಾರ ಹಕೀಮ್ ಒಲಾಜುವಾನ್ ಅಬ್ದುರ್ರವೂಫರ ನಿಲುವನ್ನು ಒಪ್ಪಲಿಲ್ಲ. ವಾಸಿಸುವ ನಾಡನ್ನು ಗೌರವಿಸುವುದೇ ಇಸ್ಲಾಮಿನ ಬೋಧನೆಯೆಂಬುದು ಅವರ ಅಭಿಪ್ರಾಯವಾಗಿತ್ತು.

ಓದುಗರೇ, ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗೀತೆ ಮೊಳಗುವಾಗ ಎದ್ದು ನಿಲ್ಲಬಹುದೇ ಎಂಬುದು ಒಂದು. ಆ ಗೀತೆ ಅಲ್ಲಿ ಮೊಳಗಬೇಕೇ ಎಂಬುದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡದಿದ್ದರೆ ನಮಗೂ ತೊಂದರೆ, ನಮ್ಮ ಮಕ್ಕಳಿಗೂ ತೊಂದರೆ.

ಎದ್ದು ನಿಲ್ಲುವುದರ ಬಗ್ಗೆ ಪ್ರವಾದಿವರ್ಯರ(ಸ) ಚರ್ಯೆಯಲ್ಲಿ ಸ್ಪಷ್ಟ ಬೆಳಕಿದೆ. ಒಮ್ಮೆ ಒಂದು ಶವಯಾತ್ರೆ ಹಾದುಹೋಗುವಾಗ ಅವರು ಎದ್ದು ನಿಂತರು. ಅದು ಯಹೂದಿಯೊಬ್ಬನ ಶವವೆಂದು ಯಾರೋ ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನೆ ಕೇಳಿದರು. ಈ ಸಂಗತಿ ನಮಗೆ ತಲುಪಿದ ರೀತಿಯೂ ಸ್ವಾರಸ್ಯಕರ. ವರ್ಷಗಳ ತರುವಾಯ ಖಾದಿಸಿಯ್ಯಾದಲ್ಲಿ ಇಬ್ಬರು ಸಹಾಬಿಗಳು ಸ್ಥಳೀಯ ಮುಸ್ಲಿಮೇತರನೊಬ್ಬನ ಶವಯಾತ್ರೆಗೆ ಎದ್ದು ನಿಂತರು. ಜೊತೆಗಿದ್ದವರು ಆಶ್ಚರ್ಯಪಟ್ಟಾಗ ಈ ಹಳೆಯ ಘಟನೆಯನ್ನು ತಿಳಿಸಿದರು. ಇನ್ನೊಂದೆಡೆ, ಅದೇ ಪ್ರವಾದಿವರ್ಯರು(ಸ) ಸಭೆಗೆ ಬಂದಾಗ ಸಹಾಬಿಗಳು ಎದ್ದು ನಿಲ್ಲುತ್ತಿರಲಿಲ್ಲ. ಅವರಷ್ಟು ಪ್ರಿಯರಾದವರು ಸಹಾಬಿಗಳಿಗೆ ಬೇರೆ ಯಾರೂ ಇರಲಿಲ್ಲ. ಆದರೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಅದು ಅವರಿಗೆ ಇಷ್ಟವಿಲ್ಲವೆಂದು ಬಲ್ಲವರಾಗಿದ್ದರು. ಹಾಗಾದರೆ ನಿಲ್ಲುವುದು ಆರಾಧನೆಯಲ್ಲ, ಅದು ಒಂದು ಮರ್ಯಾದೆ. ನಿಲ್ಲದಿರುವುದು ಪ್ರೀತಿಯ ಕೊರತೆಯೂ ಅಲ್ಲ. ಯಾರ ಮುಂದೆಯೂ ಮಾಡಬಾರದ್ದು ಸುಜೂದ್. ಅದು ಅಲ್ಲಾಹನಿಗೆ ಮಾತ್ರ ಮೀಸಲು.

ಅಬಿಸೀನಿಯಾಕ್ಕೆ ವಲಸೆ ಹೋದ ಮುಸ್ಲಿಮರ ಚರಿತ್ರೆ ನೆನಪಿಸಿಕೊಳ್ಳಿರಿ. ನಜ್ಜಾಶಿ ದೊರೆಯ ಆಸ್ಥಾನದಲ್ಲಿ ಎಲ್ಲರೂ ನೆಲಕ್ಕೆ ಬಾಗುವ ಪದ್ಧತಿಯಿತ್ತು. ಜಅ್‌ಫರ್ ಬಿನ್ ಅಬೂತಾಲಿಬ್(ರ) ಸಲಾಮ್ ಹೇಳಿದರು, ಸುಜೂದ್ ಮಾಡಲಿಲ್ಲ. ಆಶ್ರಯ ಬೇಡಿ ಬಂದವರು, ಬೆನ್ನ ಹಿಂದೆ ಮಕ್ಕಾದ ದೂತರು ಅವರನ್ನು ಮರಳಿ ಎಳೆದೊಯ್ಯಲು ಕಾದು ನಿಂತಿದ್ದರು. ಆದರೂ ಮಾಡಲಿಲ್ಲ, ಕಾರಣವನ್ನೂ ವಿನಯದಿಂದ ವಿವರಿಸಿದರು. ಚರಿತ್ರೆಯ ಈ ಅರ್ಧವನ್ನು ನಮ್ಮ ಭಾಷಣಕಾರರು ಎತ್ತರದ ದನಿಯಲ್ಲಿ ಹೇಳುತ್ತಾರೆ. ಉಳಿದರ್ಧವನ್ನು ಹೇಳುವವರು ಕಡಿಮೆ.

ಉಳಿದರ್ಧವನ್ನು ತಿಳಿಸಿದವರು ಅಲ್ಲಿಗೆ ವಲಸೆ ಹೋಗಿದ್ದ ಉಮ್ಮು ಸಲಮಾ(ರ). ಕೆಲಕಾಲದ ನಂತರ ನಜ್ಜಾಶಿಯ ವಿರುದ್ಧ ಒಬ್ಬ ಎದುರಾಳಿ ದಂಗೆಯೆದ್ದ. ನೈಲ್ ನದಿಯ ಆಚೆ ದಡದಲ್ಲಿ ಎರಡು ಸೇನೆಗಳು ಎದುರಾದವು. ಈಚೆ ದಡದಲ್ಲಿದ್ದ ಮುಸ್ಲಿಮರಿಗೆ ನಿದ್ರೆಯಿಲ್ಲ. ಸುದ್ದಿ ತರುವವರಾರು? ಅವರಲ್ಲಿ ಚಿಕ್ಕ ಪ್ರಾಯದವರಾದ ಝುಬೈರ್(ರ) ಮುಂದೆ ಬಂದರು. ತೊಗಲಿನ ಚೀಲಕ್ಕೆ ಗಾಳಿ ತುಂಬಿ ಅವರ ಎದೆಗೆ ಕಟ್ಟಲಾಯಿತು, ಈಜಿಕೊಂಡು ನದಿ ದಾಟಿದರು. ಇತ್ತ ಉಳಿದವರು ನಜ್ಜಾಶಿಯ ವಿಜಯಕ್ಕಾಗಿ ಅಲ್ಲಾಹನಲ್ಲಿ ಪ್ರಾರ್ಥಿಸುತ್ತ ಕುಳಿತರು. ಝುಬೈರ್(ರ) ಬಟ್ಟೆ ಬೀಸುತ್ತ ಓಡಿಬಂದು ಗೆಲುವಿನ ಸುದ್ದಿ ತಿಳಿಸಿದಾಗ ಅಷ್ಟೊಂದು ಸಂತೋಷವನ್ನು ತಾವು ಕಂಡದ್ದಿಲ್ಲವೆಂದು ಅವರು ನೆನಪಿಸಿಕೊಂಡಿದ್ದಾರೆ. ಆ ಪ್ರಾರ್ಥನೆಯನ್ನು ಯಾರೂ ಅವರಿಂದ ಬೇಡಿರಲಿಲ್ಲ. ಯಾವ ಅಧಿಕಾರಿಯೂ ಬಂದು ಯಾರ ತುಟಿ ಅಲುಗುತ್ತಿದೆಯೆಂದು ಎಣಿಸುತ್ತಿರಲಿಲ್ಲ. ನ್ಯಾಯ ಕೊಟ್ಟ ನೆಲದ ಮೇಲೆ ಹುಟ್ಟಿದ ಪ್ರೀತಿಯದು.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ನಿಮ್ಮ ನಾಡಿನ ಗೀತೆ ಮೊಳಗಿದಾಗ ಎದ್ದು ನಿಲ್ಲಿರಿ, ಮಕ್ಕಳಿಗೂ ಅದನ್ನೇ ಕಲಿಸಿರಿ. ಪಕ್ಕದವನ ಕಣ್ಣಿಗೆ ಹೆದರಿ ನಿಲ್ಲಬೇಡಿರಿ. ಹುಟ್ಟಿದ ಮಣ್ಣಿನ ಮೇಲಿನ ಮಮತೆ ಪ್ರವಾದಿವರ್ಯರ(ಸ) ಹೃದಯದಲ್ಲಿಯೂ ಇತ್ತು. ತಮ್ಮನ್ನು ಹೊರಹಾಕಿದ ಮಕ್ಕಾದ ಕಡೆಗೆ ತಿರುಗಿ ನೋಡಿ, ಅದು ತಮಗೆಷ್ಟು ಪ್ರಿಯವೆಂದು ಹೇಳಿದವರು ಅವರು. ಅಬ್ದುರ್ರವೂಫರ ನೋವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮಿಸಿಸಿಪ್ಪಿಯಲ್ಲಿ ಕರಿಯನಾಗಿ ಹುಟ್ಟಿದವನಿಗೆ ಧ್ವಜದಲ್ಲಿ ಏನು ಕಾಣುತ್ತದೆಂದು ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂದು ಕುರ್‌ಆನ್ ಆದೇಶಿಸುತ್ತದೆ. ಅವರು ತಮಗೆ ತಿಳಿದಂತೆ ಅದನ್ನೇ ಮಾಡಹೊರಟರು. ಮಾರ್ಗದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು, ಅವರ ಸಂಕಲ್ಪವನ್ನು ಸಂಶಯಿಸಲು ನಮಗೆ ಹಕ್ಕಿಲ್ಲ.

ಇನ್ನು ಎರಡನೆಯ ಪ್ರಶ್ನೆ. ದೇಶಕ್ಕೂ ದೇಶಕ್ಕೂ ನಡೆಯುವ ಪಂದ್ಯದಲ್ಲಿ ಆಟಗಾರ ತನ್ನ ದೇಶದ ಪರವಾಗಿ ಆಡುತ್ತಾನೆ, ಅಲ್ಲಿ ಆ ಗೀತೆಗೆ ಅರ್ಥವಿದೆ. ಆದರೆ ಒಂದು ನಗರದ ಸಂಸ್ಥೆ ಇನ್ನೊಂದು ನಗರದ ಸಂಸ್ಥೆಯ ವಿರುದ್ಧ, ಟಿಕೇಟು ಮಾರಿ, ಜಾಹೀರಾತು ಹಚ್ಚಿ ಆಡಿಸುವ ಪಂದ್ಯಕ್ಕೆ? ಅಬ್ದುರ್ರವೂಫರು ಆಡಿದ ಅದೇ ಡೆನ್ವರ್ ತಂಡ 2023ರಲ್ಲಿ ಪ್ರಶಸ್ತಿ ಗೆದ್ದಾಗ ಅದರ ಮುಂದಾಳಾಗಿದ್ದವರು ಸರ್ಬಿಯಾದ ನಿಕೋಲಾ ಯೋಕಿಚ್. ಅವರೂ ಪ್ರತಿ ಪಂದ್ಯದ ಮೊದಲು ತನ್ನದಲ್ಲದ ದೇಶದ ಗೀತೆಗೆ ನಿಲ್ಲುತ್ತಾರೆ. ಮರ್ಯಾದೆಯೆಂದು ನಿಲ್ಲುತ್ತಾರೆ, ಸರಿ. ಆದರೆ ಗೀತೆಯ ಮೂಲ ಉದ್ದೇಶ ಅಲ್ಲಿ ಎಲ್ಲಿ ಉಳಿಯಿತು?

ಈ ಪದ್ಧತಿ ಬೆಳೆದದ್ದು ಯುದ್ಧಗಳ ಕಾಲದಲ್ಲಿ. 1918ರ ಸೆಪ್ಟೆಂಬರ್ 5ರಂದು, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಷಿಕಾಗೋದಲ್ಲಿ ಬೇಸ್‌ಬಾಲಿನ ದೊಡ್ಡ ಸರಣಿಯ ಮೊದಲ ಪಂದ್ಯದ ನಡುವಿನ ಬಿಡುವಿನಲ್ಲಿ ವಾದ್ಯದವರು ಆ ಗೀತೆಯನ್ನು ನುಡಿಸಿದರು. ನೌಕಾಪಡೆಯಿಂದ ರಜೆಯಲ್ಲಿ ಬಂದು ಆಡುತ್ತಿದ್ದ ಒಬ್ಬ ಆಟಗಾರ ಸೆಲ್ಯೂಟ್ ಹೊಡೆದು ನಿಂತ. ನಿಧಾನವಾಗಿ ಜನರು ದನಿಗೂಡಿಸಿದರು. ಆಗ ಅದಿನ್ನೂ ರಾಷ್ಟ್ರಗೀತೆಯೇ ಆಗಿರಲಿಲ್ಲ, ಆ ಸ್ಥಾನ ದೊರೆತದ್ದು 1931ರಲ್ಲಿ. ಯಾರ ಆಜ್ಞೆಯೂ ಇಲ್ಲದೆ ಹೃದಯದಿಂದ ಬಂದ ದನಿ ಅಂದಿನದು, ಅದನ್ನು ಗೌರವಿಸೋಣ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ದಿನನಿತ್ಯದ ರೂಢಿಯಾಯಿತು. ಯುದ್ಧ ಮುಗಿದರೂ ರೂಢಿ ಮುಗಿಯಲಿಲ್ಲ.

ಎಚ್ಚರಿಸಿದವರು ಅಲ್ಲಿಯೂ ಇದ್ದರು. 1954ರಲ್ಲಿ ಬಾಲ್ಟಿಮೋರ್ ಬೇಸ್‌ಬಾಲ್ ತಂಡದ ವ್ಯವಸ್ಥಾಪಕರು, ಪ್ರತಿದಿನ ನುಡಿಸಿದರೆ ಗೀತೆ ಅಗ್ಗವಾಗುತ್ತದೆ, ವಿಶೇಷ ದಿನಗಳಿಗಷ್ಟೇ ಇರಲಿ ಎಂದರು. ನಗರಸಭೆ ಆಕ್ಷೇಪಿಸಿತು, ಗೀತೆ ಮರಳಿ ಬಂತು. ಷಿಕಾಗೋದ ಒಂದು ತಂಡವಂತೂ 1967ರವರೆಗೆ ಅದನ್ನು ದಿನದ ರೂಢಿಯಾಗಿಸಿರಲಿಲ್ಲ. ತೀರಾ ಇತ್ತೀಚೆಗೆ 2020-21ರ ಋತುವಿನಲ್ಲಿ ಡಲ್ಲಾಸಿನ ಬಾಸ್ಕೆಟ್‌ಬಾಲ್ ತಂಡ ತನ್ನ ಅಂಗಳದಲ್ಲಿ ಗೀತೆಯನ್ನು ಸದ್ದಿಲ್ಲದೆ ನಿಲ್ಲಿಸಿತು. ಕೊರೋನಾ ಕಾಲ, ಗ್ಯಾಲರಿಗಳು ಹೆಚ್ಚಾಗಿ ಖಾಲಿಯಿದ್ದವು. 13 ಪಂದ್ಯಗಳು ಹಾಗೆಯೇ ಕಳೆದವು! ಪತ್ರಿಕೆಯಲ್ಲಿ ಬಂದ ಮೇಲೆ ಗದ್ದಲವೆದ್ದು, 2021ರ ಫೆಬ್ರವರಿಯಲ್ಲಿ ಎಲ್ಲ ತಂಡಗಳೂ ನುಡಿಸಲೇಬೇಕೆಂದು ಲೀಗ್ ಹೇಳಿತು. ಇರುವಾಗ ಯಾರೂ ಕೇಳದ, ಇಲ್ಲದಾಗ ಯಾರೂ ಗಮನಿಸದ ಗೀತೆಯಲ್ಲಿ ಗೌರವವೆಷ್ಟು ಉಳಿದಿತ್ತು?

ಹೃದಯ ಕಲಕುವ ಸಂಗತಿ ಬೇರೆಯೇ ಇದೆ. 2015ರಲ್ಲಿ ಅಮೇರಿಕಾದ ಇಬ್ಬರು ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಒಂದು ವರದಿ ಪ್ರಕಟಿಸಿದರು. ಮೆಕೇನ್ ವಿಯೆಟ್ನಾಮಿನಲ್ಲಿ ವರ್ಷಗಳ ಕಾಲ ಯುದ್ಧಕೈದಿಯಾಗಿದ್ದವರು, ಅವರ ದೇಶಪ್ರೇಮವನ್ನು ಪ್ರಶ್ನಿಸುವಂತಿಲ್ಲ. ಮೈದಾನಗಳಲ್ಲಿ ಧ್ವಜ ಹರಡುವುದು, ಸೈನಿಕರನ್ನು ಸನ್ಮಾನಿಸುವುದು, ಗೀತೆ ಹಾಡಿಸುವುದು ಮೊದಲಾದವುಗಳಿಗಾಗಿ ರಕ್ಷಣಾ ಇಲಾಖೆ ಕೆಲವೇ ವರ್ಷಗಳಲ್ಲಿ ವೃತ್ತಿಪರ ತಂಡಗಳಿಗೆ 68 ಲಕ್ಷ ಡಾಲರುಗಳನ್ನು ಕೊಟ್ಟಿತ್ತೆಂದು ಅದರಲ್ಲಿತ್ತು. ಗ್ಯಾಲರಿಯಲ್ಲಿ ಎದೆಯ ಮೇಲೆ ಕೈಯಿಟ್ಟು ಕಣ್ಣೀರಿಟ್ಟ ತಾಯಂದಿರಿಗೆ ಅದು ಜಾಹೀರಾತಿನ ಒಪ್ಪಂದವೆಂದು ತಿಳಿದಿರಲಿಲ್ಲ. ಮರುವರ್ಷ ಅಮೇರಿಕನ್ ಫುಟ್‌ಬಾಲ್ ಲೀಗ್ 7 ಲಕ್ಷಕ್ಕೂ ಹೆಚ್ಚು ಡಾಲರ್ ಮರಳಿಸಿತು.

ಇಸ್ಲಾಮ್ ಇದಕ್ಕೆ ‘ರಿಯಾ’ ಎನ್ನುತ್ತದೆ. ಜನರಿಗೆ ತೋರಿಸಲಿಕ್ಕಾಗಿ ಮಾಡುವ ಕರ್ಮ. ನಮಾಝ್‌ನಂತಹ ಆರಾಧನೆಯೂ ತೋರಿಕೆಗಾದರೆ ಅದರ ಗತಿಯೇನೆಂದು ‘ಅಲ್‌ಮಾಊನ್’ ಅಧ್ಯಾಯ ಎಚ್ಚರಿಸಿದೆ. ತೋರಿಕೆಯ ದಾನವನ್ನು ಕುರ್‌ಆನ್ ನುಣುಪಾದ ಬಂಡೆಯ ಮೇಲಿನ ತೆಳು ಮಣ್ಣಿಗೆ ಹೋಲಿಸಿದೆ. ಒಂದು ಮಳೆ ಬಂದರೆ ಎಲ್ಲವೂ ಕೊಚ್ಚಿಹೋಗುತ್ತದೆ. ದೇವಾರಾಧನೆಯನ್ನೇ ಹಾಳುಮಾಡುವ ರೋಗ ದೇಶಪ್ರೇಮವನ್ನು ಬಿಟ್ಟೀತೇ? 2025ರ ಫೆಬ್ರವರಿಯಲ್ಲಿ ಸುಂಕದ ಜಗಳ ಆರಂಭವಾದೊಡನೆ ಕೆನಡಾದ ಐಸ್ ಹಾಕಿ ಮತ್ತು ಬಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಪ್ರೇಕ್ಷಕರು ಅಮೇರಿಕಾದ ಗೀತೆಗೆ ಕೂಗು ಹಾಕಿ ಅವಮಾನಿಸಿದರು. ಎರಡೂ ದೇಶಗಳ ತಂಡಗಳಿರುವ ಲೀಗಾದ್ದರಿಂದ ಎರಡೂ ಗೀತೆಗಳನ್ನು ನುಡಿಸುವುದು ಅಲ್ಲಿನ ರೂಢಿ. ಪಂದ್ಯಕ್ಕೂ ಸುಂಕಕ್ಕೂ ಏನು ಸಂಬಂಧ? ಗೀತೆಯನ್ನು ಸಂತೆಗೆ ತಂದು ನಿಲ್ಲಿಸಿದರೆ ಸಂತೆಯ ಕಲ್ಲುಗಳು ಅದರ ಮೇಲೆಯೂ ಬೀಳುತ್ತವೆ.

ನಮ್ಮ ನಾಡಿನಲ್ಲಿ ಇದೇ ಪ್ರಶ್ನೆ ಚಿತ್ರಮಂದಿರದ ರೂಪದಲ್ಲಿ ಬಂದುದು ನಿಮಗೆ ನೆನಪಿರಬಹುದು. 2016ರ ನವೆಂಬರ್ 30ರಂದು ಸುಪ್ರೀಮ್ ಕೋರ್ಟ್ ಪ್ರತಿ ಚಿತ್ರದ ಮೊದಲು ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿತು. 2018ರ ಜನವರಿ 9ರಂದು ತಾನೇ ಆ ಕಡ್ಡಾಯವನ್ನು ತೆಗೆದುಹಾಕಿತು. ಕಡ್ಡಾಯವಾಗುವುದಕ್ಕೂ ಮುಂಚೆಯೇ, 2016ರಲ್ಲಿ, ಗೋವಾದ ಚಿತ್ರಮಂದಿರವೊಂದರಲ್ಲಿ ಬೆನ್ನುಹುರಿಯ ತೊಂದರೆಯಿಂದಾಗಿ ಎದ್ದು ನಿಲ್ಲಲಾಗದ ಒಬ್ಬರಿಗೆ, ನಿಲ್ಲಲಿಲ್ಲವೆಂದು ಹಿಂದಿನಿಂದ ಹೊಡೆಯಲಾಗಿತ್ತು. ಹೊಡೆದವರಿಗೆ ತಾವು ದೇಶಸೇವೆ ಮಾಡಿದೆವೆಂಬ ತೃಪ್ತಿಯಿದ್ದಿರಬೇಕು! ಅದೇ ಸುಪ್ರೀಮ್ ಕೋರ್ಟ್ 1986ರಲ್ಲಿ ಕೇರಳದ ಮೂವರು ಶಾಲಾಮಕ್ಕಳ ಪ್ರಕರಣದಲ್ಲಿ ಬಹಳ ಘನವಾದ ತೀರ್ಪು ಕೊಟ್ಟಿತ್ತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಆ ಮಕ್ಕಳು ಗೀತೆಗೆ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತ್ತು. ಗೌರವದಿಂದ ನಿಂತ ಮೇಲೆ ಹಾಡದಿರುವುದು ಅವಮಾನವಲ್ಲವೆಂದು ಕೋರ್ಟ್ ಹೇಳಿತು, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲಾಯಿತು. ಬೇರೊಂದು ಧರ್ಮದ ಮೂವರು ಮಕ್ಕಳು ಗಳಿಸಿಕೊಟ್ಟ ಈ ಹಕ್ಕಿನ ನೆರಳಿನಲ್ಲಿ ನಾವೂ ಇದ್ದೇವೆ.

ಈಗ ಸ್ವಲ್ಪ ಕಹಿಯಾದ ಮಾತು. ನಮ್ಮ ನಿಷ್ಠೆಯನ್ನು 52 ಸೆಕೆಂಡುಗಳಲ್ಲಿ ಅಳೆಯುತ್ತಾರೆಂದು ನಾವು ನೊಂದುಕೊಳ್ಳುತ್ತೇವೆ. ಆ ನೋವು ನಿಜ. ಆದರೆ ನಮ್ಮ ಮೊಹಲ್ಲಾಗಳಲ್ಲಿ ನಾವು ಅಳೆಯುವುದು ಹೇಗೆ? ಮೌಲೂದ್ ಸಭೆಯಲ್ಲಿ ಸಲಾಮ್ ಓದುವಾಗ ಯಾರು ಎದ್ದು ನಿಂತರು, ಯಾರು ಕುಳಿತರು ಎಂದು ಎರಡೂ ಕಡೆಯವರು ಲೆಕ್ಕವಿಡುವುದಿಲ್ಲವೇ? ಕುಳಿತವನಿಗೆ ಪ್ರವಾದಿಪ್ರೇಮವಿಲ್ಲವೆಂದು ಒಬ್ಬರು, ನಿಂತವನ ಈಮಾನೇ ಸರಿಯಿಲ್ಲವೆಂದು ಇನ್ನೊಬ್ಬರು. ನಮಾಝ್‌ನಲ್ಲಿ ಕೈ ಎಲ್ಲಿ ಕಟ್ಟಿದ, ಆಮೀನ್ ಎಷ್ಟು ಗಟ್ಟಿಯಾಗಿ ಹೇಳಿದ ಎಂಬುದರ ಮೇಲೆ ಮದುವೆ ಸಂಬಂಧಗಳು ಮುರಿದುದನ್ನು ಕಂಡವರು ನಮ್ಮಲ್ಲಿಲ್ಲವೇ? ಆ ಗೋವಾದ ಚಿತ್ರಮಂದಿರದಲ್ಲಿ ಹಿಂದಿನ ಸಾಲಿನಲ್ಲಿದ್ದವನು ಎಷ್ಟೋ ಶುಕ್ರವಾರ ನಮ್ಮ ಮಸೀದಿಯ ಹಿಂದಿನ ಸಾಲಿನಲ್ಲಿಯೂ ಇರುತ್ತಾನೆ. ಹೃದಯ ಸೀಳಿ ನೋಡಿದೆಯಾ ಎಂದು ಪ್ರವಾದಿವರ್ಯರು(ಸ) ತಮ್ಮ ಪ್ರೀತಿಯ ಉಸಾಮಾರನ್ನು(ರ) ಗದರಿಸಿದ್ದು ಇಂಥ ಅಳತೆಗಾಗಿಯೇ. ಯುದ್ಧಭೂಮಿಯಲ್ಲಿ ಶತ್ರುವೊಬ್ಬ ಕಲಿಮಾ ಹೇಳಿದಾಗ ಅದು ಪ್ರಾಣಭಯದಿಂದ ಹೇಳಿದ್ದೆಂದು ಉಸಾಮಾ(ರ) ತಾವಾಗಿಯೇ ನಿರ್ಧರಿಸಿದ್ದರು.

ಡೆನ್ವರಿನ ಕತೆಯ ಉಳಿದ ಭಾಗ ಹೀಗಿದೆ. ಅಮಾನತಿನ ನಂತರ ಮಾತುಕತೆ ನಡೆದು ಒಂದು ದಾರಿ ದೊರೆಯಿತು. ಅಬ್ದುರ್ರವೂಫ್ ಎದ್ದು ನಿಲ್ಲುವರು, ಆದರೆ ಆ ಹೊತ್ತಿನಲ್ಲಿ ಕಷ್ಟದಲ್ಲಿರುವವರಿಗಾಗಿ, ಅವರು ಯಾವ ಜನಾಂಗದವರೇ ಆಗಲಿ, ದುಆ ಮಾಡುವರು. ಆ ವರ್ಷ ತಂಡದ ಪರವಾಗಿ ಅತಿ ಹೆಚ್ಚು ಅಂಕ ಗಳಿಸುತ್ತಿದ್ದ ಅವರನ್ನು ಋತು ಮುಗಿದೊಡನೆ ಬೇರೆ ತಂಡಕ್ಕೆ ಕೊಟ್ಟುಬಿಡಲಾಯಿತು. 1998ರ ಹೊತ್ತಿಗೆ ಆ ಲೀಗಿನಲ್ಲಿ ಅವರಿಗೆ ಜಾಗವಿಲ್ಲದೆ ತುರ್ಕಿಗೆ ಹೋಗಿ ಆಡಿದರು. ಅವರು ಓದಿದ ಲೂಸಿಯಾನಾದ ವಿಶ್ವವಿದ್ಯಾನಿಲಯ 2020ರಲ್ಲಿ ಅವರ 35ನೇ ಸಂಖ್ಯೆಯ ಅಂಗಿಯನ್ನು ಗೌರವಾರ್ಥ ಕಾದಿರಿಸಿತು.

1996ರ ಮಾರ್ಚ್ 15ರಂದು, ಅಮಾನತು ಮುಗಿದ ನಂತರದ ಮೊದಲ ಪಂದ್ಯ, ಷಿಕಾಗೋದಲ್ಲಿ. ಗೀತೆ ಆರಂಭವಾದಾಗ ಅವರು ಎದ್ದರು. ಗ್ಯಾಲರಿಯಿಂದ ಕೂಗು, ಮುಖದ ಹತ್ತಿರ ಕ್ಯಾಮರಾಗಳು. ಇಷ್ಟು ದಿನ ಕುಳಿತನೆಂದು ಕೂಗಿದವರು ಈಗ ನಿಂತದ್ದಕ್ಕೂ ಕೂಗುತ್ತಿದ್ದರು. ಅವರು ತಲೆ ಬಾಗಿಸಿ, ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದರು. ತುಟಿಗಳು ಅಲುಗುತ್ತಿದ್ದವು. ಗೀತೆ ಮುಗಿಯಿತು. ಅವರು ಕೈಗಳನ್ನು ಇಳಿಸಿ ಆಟಕ್ಕೆ ಹೋದರು.